ಚಳಿನಾಡಿನ ಏರುಮಡಿ, ನಮ್ಮೂರಿನ ಪಾತಿ

ಕನಕಪುರ ರಸ್ತೇಲಿ ಹಾರೋಹಳ್ಳಿ ದಾಟಿದ ಮೇಲೆ, ಅಥವಾ ಮಾಗಡಿ ರಸ್ತೇಲಿ ತಾವರೆಕೆರೆ ದಾಟಿದ ಮೇಲೆ, ಈಗ ಹೊಸ ಬಗೆಯ ತೋಟಗಳು ಕಾಣಿಸುತ್ತವೆ. ಸೋಲಾರ್ ಬೇಲಿ, ಪುಟ್ಟದೊಂದು ಹೆಂಚಿನ ಮನೆ, ಮನೆ ಮುಂದೆ ಪೈನ್ ಹಲಗೆಯ ಮೊಣಕಾಲೆತ್ತರದ ಪೆಟ್ಟಿಗೆಗಳು. ಪೆಟ್ಟಿಗೆಯೊಳಗೆ ಲೆಟಸ್, ಕೇಲ್, ಚೆರ್ರಿ ಟೊಮ್ಯಾಟೊ. ರೈಸ್ಡ್ ಬೆಡ್ ಅಂತಾರೆ. ಕೃಷಿ ವಿಶ್ವವಿದ್ಯಾಲಯದ ಕನ್ನಡದಲ್ಲಿ ಅದು ಏರುಮಡಿ. ಮಾಲೀಕರು ಹೆಚ್ಚಾಗಿ ನಮ್ಮಂಥವರೇ, ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲಿ ಕೆಲಸ ಮಾಡೋರು. ಹೊಲ ಇಲ್ಲದವರು ಅದೇ ಪೆಟ್ಟಿಗೆಯನ್ನು ಟೆರೇಸ್ ಮೇಲೆ ಇಟ್ಕೊಂಡಿದ್ದಾರೆ.

ಇದರಲ್ಲಿ ತಮಾಷೆ ಮಾಡೋಕೆ ಏನೂ ಇಲ್ಲ. ವಾರವಿಡೀ ಕೀಬೋರ್ಡ್ ಕುಟ್ಟಿದ ಕೈಗೆ ಮಣ್ಣು ಬೇಕು ಅನ್ನಿಸೋದು ಒಳ್ಳೇದೇ. ಆದರೆ ಪ್ರತಿ ಮಾರ್ಚ್‌ನಲ್ಲಿ ಆಫೀಸಿನ ಯಾರೋ ಒಬ್ಬರು ನನ್ನ ಹತ್ತಿರ ಬಂದು, "ನೀನು ಹಳ್ಳಿಯವನಲ್ವಾ, ಬೆಳಿಗ್ಗೆ ನೀರು ಹಾಕಿದ್ರೆ ಮಧ್ಯಾಹ್ನಕ್ಕೇ ಬೆಡ್ ಒಣಗಿರುತ್ತಲ್ಲ, ಯಾಕೆ?" ಅಂತ ಕೇಳ್ತಾರೆ. ಆಗೆಲ್ಲ ನನಗೆ ಕನಕಪುರ ತಾಲ್ಲೂಕಿನ ನಮ್ಮ ಮನೆ ಹಿತ್ತಿಲು ನೆನಪಾಗುತ್ತೆ. ನಮ್ಮಜ್ಜಿ ತರಕಾರಿ ಬೆಳೀತಿದ್ದದ್ದು ಎತ್ತರದಲ್ಲಲ್ಲ, ತಗ್ಗಿನಲ್ಲಿ. ಗುದ್ದಲಿಯಿಂದ ನೆಲವನ್ನು ಒಂದು ಗೇಣು ಕೆಳಗೆ ತಗೆದು, ಸುತ್ತ ಬದು ಕಟ್ಟಿ ಪಾತಿ ಮಾಡೋರು. ಬಚ್ಚಲ ನೀರು ಬಾಳೆ ಬುಡಕ್ಕೂ ಬಸಳೆ ಚಪ್ಪರಕ್ಕೂ ಹೋಗ್ತಿತ್ತು, ಬಾವಿ ನೀರು ಪಾತಿಗೆ. ಅವರು ತಗ್ಗು ಮಾಡಿದ್ದು ಯಾಕೆ, ವಿಡಿಯೊದಲ್ಲಿ ತೋರಿಸೋರು ಎತ್ತರ ಮಾಡೋದು ಯಾಕೆ? ಇದಕ್ಕೆ ಉತ್ತರ ತೋಟಗಾರಿಕೆ ಪುಸ್ತಕಕ್ಕಿಂತ ಚರಿತ್ರೆಯಲ್ಲಿ ಚೆನ್ನಾಗಿ ಸಿಗುತ್ತೆ.

ಮೊದಲು ಚಳಿನಾಡಿಗೆ ಹೋಗಿ ಬರೋಣ. ಲಂಡನ್ನಿಗೆ ವರ್ಷಕ್ಕೆ ಬೀಳೋ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ರಾಮನಗರಕ್ಕೆ ಬೀಳೋ ಮಳೆ ಅದಕ್ಕಿಂತ ಜಾಸ್ತಿ. ಆದ್ರೂ ಅಲ್ಲಿಯ ನೆಲ ಒದ್ದೆ, ನಮ್ಮದು ಒಣ. ಕಾರಣ ಸರಳ. ಅಲ್ಲಿ ಬಿದ್ದ ಹನಿ ಬೇಗ ಆವಿಯಾಗಲ್ಲ. ಮಳೆಯೂ ವರ್ಷದುದ್ದಕ್ಕೂ ಚೂರುಚೂರು ಹಂಚಿ ಬೀಳುತ್ತೆ. ನಮ್ಮಲ್ಲಿ ಮೇ ತಿಂಗಳಲ್ಲಿ ಒಂದಿಷ್ಟು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದಿಷ್ಟು ಹುಯ್ದು ಹೋಗುತ್ತೆ. ಉಳಿದ ತಿಂಗಳು ಬಿಸಿಲು ಅದನ್ನು ಹೀರ್ಕೊಂಡು ಕೂತಿರುತ್ತೆ.

ಹಾಗಾಗಿ ಯುರೋಪಿನ ರೈತನಿಗೆ ವಸಂತದಲ್ಲಿ ಇದ್ದ ಕಷ್ಟ ಎರಡು: ಮಣ್ಣಲ್ಲಿ ನೀರು ಜಾಸ್ತಿ, ಮಣ್ಣಿನ ಶಾಖ ಕಡಿಮೆ. ಆ ಹೊತ್ತಲ್ಲಿ ಬೀಜ ಹಾಕಿದ್ರೆ ಮೊಳೆಯೋ ಮುಂಚೆ ಕೊಳೆಯುತ್ತೆ. ಮಣ್ಣನ್ನು ಎತ್ತರಿಸಿದರೆ ನೀರು ಬಸಿದು ಹೋಗುತ್ತೆ, ಬಸಿದ ಮಣ್ಣು ಬೇಗ ಬೆಚ್ಚಗಾಗುತ್ತೆ. ಐರ್ಲೆಂಡ್, ಸ್ಕಾಟ್ಲೆಂಡಿನ ಬಡ ರೈತರು ಜೌಗು ನೆಲದಲ್ಲಿ ಎರಡೂ ಕಡೆ ಕಾಲುವೆ ತೋಡಿ, ಆ ಮಣ್ಣನ್ನು ನಡುವೆ ಗುಡ್ಡೆ ಹಾಕಿ ಆಲೂಗಡ್ಡೆ ಬೆಳೆದದ್ದು ಹೀಗೇ. ಲೇಜಿ ಬೆಡ್ ಅಂತ ಅದಕ್ಕೆ ಹೆಸರು, ಸೋಮಾರಿ ಮಡಿ! ಆ ಕಾಲುವೆ ತೋಡಿದವರ ಬೆನ್ನನ್ನು ಕೇಳಿದ್ರೆ ಸೋಮಾರಿತನ ಎಷ್ಟಿತ್ತು ಅಂತ ಗೊತ್ತಾಗ್ತಿತ್ತು.

ಪ್ಯಾರಿಸ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 19ನೇ ಶತಮಾನದಲ್ಲಿ ಆ ಊರಿನ ಬೀದಿ ತುಂಬ ಕುದುರೆಗಾಡಿ, ಅಂದ್ರೆ ಊರ ತುಂಬ ಲದ್ದಿ. ಊರಂಚಿನ ತರಕಾರಿ ಬೆಳೆಗಾರರು ಆ ಹಸಿ ಲದ್ದಿಯನ್ನು ದಪ್ಪಗೆ ಹಾಸಿ, ಮೇಲೆ ಮಣ್ಣು ಹಾಕಿ, ಅದರ ಮೇಲೆ ಗಾಜಿನ ಗಂಟೆಗಳನ್ನು ಬೋರಲು ಹಾಕ್ತಿದ್ರು. ಲದ್ದಿ ಕೊಳೆಯುವಾಗ ಹುಟ್ಟೋ ಕಾವಿಗೆ ಹಿಮದ ಕಾಲದಲ್ಲೂ ಲೆಟಸ್, ಮೂಲಂಗಿ ಬರ್ತಿತ್ತು. ಮೊರೊ ಮತ್ತು ದವೆರ್ನ್ ಅನ್ನೋ ಇಬ್ಬರು ಬೆಳೆಗಾರರು 1845ರಲ್ಲಿ ಈ ಪದ್ಧತಿಯ ಮೇಲೆ ಒಂದು ಕೈಪಿಡಿಯನ್ನೇ ಬರೆದರು. ಅವರ ಪಾಲಿಗೆ ಏರುಮಡಿ ಅಂದ್ರೆ ಒಂದು ಹೀಟರ್. ಮೋಟಾರು ಕಾರು ಬಂದು ಕುದುರೆ ಹೋಯ್ತು, ಲದ್ದಿ ಹೋಯ್ತು, ಆ ತೋಟಗಳೂ ಸೊರಗಿದವು.

ಈ ವಿದ್ಯೆ ಅಮೆರಿಕಕ್ಕೆ ಹೊಸದಾಗಿ ಹೋದದ್ದು 1967ರಲ್ಲಿ. ಅಲನ್ ಚಾಡ್ವಿಕ್ ಅನ್ನೋ ಇಂಗ್ಲಿಷ್ ತೋಟಗಾರ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಒಂದು ತೋಟ ಶುರು ಮಾಡಿದ. ಅದರಿಂದ ಸ್ಫೂರ್ತಿ ಪಡೆದ ಜಾನ್ ಜೀವನ್ಸ್ 1974ರಲ್ಲಿ ಪುಸ್ತಕ ಬರೆದ. 1981ರಲ್ಲಿ ಮೆಲ್ ಬಾರ್ತಲೋಮ್ಯೂ ಅನ್ನೋರು ಇದಕ್ಕೆ ಚೌಕಟ್ಟು ಹಾಕಿದರು. ಇವರು ಸಿವಿಲ್ ಎಂಜಿನಿಯರ್, ಹಾಗಾಗಿ ಕೊಟ್ಟದ್ದು ಅಪ್ಪಟ ಸ್ಪೆಸಿಫಿಕೇಶನ್ನು: 4 ಅಡಿಗೆ 4 ಅಡಿ, ಅದರಲ್ಲಿ 16 ಚೌಕ, ಒಂದೊಂದು ಚೌಕಕ್ಕೆ ಇಂತಿಷ್ಟೇ ಗಿಡ. ಮುಂದೆ ಬಂದ ಪರಿಷ್ಕೃತ ಪುಸ್ತಕದಲ್ಲಿ ನೆಲದ ಮಣ್ಣನ್ನೇ ಬಿಟ್ಟರು. ಮೂರರಲ್ಲೊಂದು ಪಾಲು ಕಾಂಪೋಸ್ಟ್, ಇನ್ನೊಂದು ಪಾಲು ಪೀಟ್, ಉಳಿದ ಪಾಲು ವರ್ಮಿಕ್ಯುಲೈಟ್. ಪೀಟ್ ಅಂದ್ರೆ ಚಳಿನಾಡಿನ ಜೌಗಿನಲ್ಲಿ ಪಾಚಿ ಅರೆಕೊಳೆತು, ವರ್ಷಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರಿನಂತೆ ಕೂಡಿಕೊಂಡದ್ದು. ನಮ್ಮಲ್ಲಿ ಅದು ಇಲ್ಲ. ಅದರ ಬದಲಿಗೆ ತೆಂಗಿನ ನಾರಿನ ಪುಡಿ, ಕೊಕೊಪೀಟ್, ಬಂತು. ಇವತ್ತು ನಿಮ್ಮ ಟೆರೇಸ್ ಮೇಲಿರೋ ಪೆಟ್ಟಿಗೆಯ ವಂಶಾವಳಿ ಸ್ಥೂಲವಾಗಿ ಇಷ್ಟು.

ಈಗ ನಮ್ಮ ಕಡೆಗೆ ಬನ್ನಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನು ಹೊಸದಾಗಿ ಗೆದ್ದ ಸೀಮೆಯ ಬೇಸಾಯ ನೋಡ್ಕೊಂಡು ಬಾ ಅಂತ ಕಳಿಸ್ತು. ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದವನು ರಾಮಗಿರಿ, ಚನ್ನಪಟ್ಟಣದ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದ. ಮುಂದೆ ಮಾಗಡಿ, ಸಾವನದುರ್ಗದ ಕಡೆಗೂ ಬಂದ. ನೋಡಿದ್ದನ್ನೆಲ್ಲ ಬರೆದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚು ಹಾಕಿಸಿದ.

ಬೆಂಗಳೂರಲ್ಲಿ ಅವನು ಹೈದರ್ ಮತ್ತು ಟಿಪ್ಪು ಮಾಡಿಸಿದ ತೋಟಗಳನ್ನು ನೋಡಿದ. ಹೈದರ್ 1760ರಲ್ಲಿ ಶುರು ಮಾಡಿದ ತೋಟವೇ ಇವತ್ತಿನ ಲಾಲ್‌ಬಾಗ್. ಚೌಕ ಚೌಕದ ತಾಕುಗಳು, ನಡುವೆ ಓಡಾಡೋ ದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರ, ಒಂದೊಂದು ತಾಕಿಗೆ ಒಂದೊಂದೇ ಬಗೆಯ ಗಿಡ. ಗುಲಾಬಿಗೆ ಒಂದು ತಾಕು, ದಾಳಿಂಬೆಗೆ ಇನ್ನೊಂದು. ಸೇಬು ಹಣ್ಣು ಬಿಡೋದನ್ನೂ ದ್ರಾಕ್ಷಿ ಚೆನ್ನಾಗಿ ಹಬ್ಬೋದನ್ನೂ ಗುರುತು ಮಾಡ್ಕೊಂಡ. ಎಲ್ಲ ಹೊಗಳಿ ಕೊನೆಗೆ ಅವನು ಹೇಳಿದ ದೊಡ್ಡ ಕೊರತೆ ಒಂದೇ, ನೀರು. ಬೇಸಿಗೆಯಲ್ಲಿ ಇಲ್ಲಿ ಪ್ರತಿಯೊಂದಕ್ಕೂ ಕೈಯಾರೆ ನೀರು ಕೊಡಬೇಕು ಅಂತ ಬರೆದ. ಹೈದರನ ತೋಟಕ್ಕೆ ಮೂರು ಬಾವಿ. ಜೋಡಿ ಎತ್ತು ಇಳಿಜಾರಲ್ಲಿ ಇಳಿದಾಗ ಚರ್ಮದ ಚೀಲ ಮೇಲೆ ಬರೋ ಕಪಿಲೆ. ಏತಕ್ಕಿಂತ ಕಪಿಲೆಯೇ ವಾಸಿ ಅಂತ ಅಲ್ಲಿನ ಕೆಲಸಗಾರರು ಅವನಿಗೆ ಹೇಳಿದರಂತೆ. ಸುಲ್ತಾನರ ತೋಟದಲ್ಲೂ ಮಾತು ಬಂದು ನಿಂತದ್ದು ಒಂದು ಚೀಲ ನೀರು ಮೇಲೆ ತರೋ ಲೆಕ್ಕದ ಹತ್ತಿರ.

ಪಾತಿ ಹುಟ್ಟಿದ್ದು ಇಂಥ ಲೆಕ್ಕದಿಂದಲೇ. ಬೆವರು ಸುರಿಸಿ ಎತ್ತಿದ ನೀರು ಕಾಲುವೆಯಲ್ಲಿ ತಾನಾಗೇ ಹರಿದು ಬಂದು ಗಿಡದ ಬುಡದಲ್ಲಿ ನಿಲ್ಲಬೇಕು. ನೀರು ಎತ್ತರಕ್ಕೆ ಹರಿಯಲ್ಲ. ಹಾಗಾಗಿ ಗಿಡವೇ ತಗ್ಗಿಗೆ ಬರಬೇಕು. ಬದು ನಾಲ್ಕೂ ಕಡೆಯಿಂದ ಗಾಳಿ ತಡೆಯುತ್ತೆ, ಬದುವಿನ ನೆರಳು ಸ್ವಲ್ಪ ಹೊತ್ತು ಮಣ್ಣಿನ ಮೇಲಿರುತ್ತೆ. ಪೆಟ್ಟಿಗೆಯ ಮಣ್ಣಾದರೋ ಮೇಲಿಂದಲೂ ಒಣಗುತ್ತೆ, ಬಿಸಿಲಿಗೆ ಕಾದ ನಾಲ್ಕು ಹಲಗೆಗಳ ಕಡೆಯಿಂದಲೂ ಒಣಗುತ್ತೆ. ಮಾರ್ಚ್‌ನಲ್ಲಿ ಬರೋ ಪ್ರಶ್ನೆಗೆ ಉತ್ತರ ಇದೇ. ಪ್ರಪಂಚದ ಇನ್ನೊಂದು ಮೂಲೆಯಲ್ಲಿ, ನ್ಯೂ ಮೆಕ್ಸಿಕೊದ ಒಣನೆಲದಲ್ಲಿ, ಜೂನಿ ಜನ ಇದೇ ತೀರ್ಮಾನಕ್ಕೆ ಬಂದಿದ್ದರು. ಅವರ ತರಕಾರಿ ತೋಟ ಮೇಲಿನಿಂದ ನೋಡಿದರೆ ಪಡ್ಡಿನ ಹೆಂಚಿನ ಗುಳಿಗಳ ಹಾಗೆ. ಪ್ರತಿ ಗುಳಿಗೂ ಸುತ್ತ ಮಣ್ಣಿನ ಗೋಡೆ. ಅವರೂ ನಮ್ಮಜ್ಜಿಯೂ ಯಾವತ್ತೂ ಮಾತಾಡಿಕೊಂಡವರಲ್ಲ, ಬಿಸಿಲು ಇಬ್ಬರಿಗೂ ಒಂದೇ ಪಾಠ ಹೇಳಿತ್ತು.

ಹಾಗಂತ ಏರುಮಡಿ ನಮಗೆ ಗೊತ್ತೇ ಇರಲಿಲ್ಲ ಅಂದ್ಕೋಬೇಡಿ. ಮಳೆಗಾಲದಲ್ಲಿ ಸಸಿಮಡಿ ಮಾಡೋರು ನೆಲದಿಂದ ನಾಲ್ಕಾರು ಇಂಚು ಎತ್ತರಿಸಿಯೇ ಮಾಡ್ತಾರೆ, ಇಲ್ಲಾಂದ್ರೆ ಎಳೆ ಸಸಿಯ ಬುಡ ಕೊಳೆಯುತ್ತೆ. ವೀಳ್ಯದೆಲೆ ತೋಟದಲ್ಲಿ ಬಳ್ಳಿ ಇರೋದು ದಿಬ್ಬದ ಮೇಲೆ, ನೀರು ನಿಲ್ಲೋದು ಎರಡು ದಿಬ್ಬದ ನಡುವಿನ ಕಾಲುವೆಯಲ್ಲಿ. ಅದೇ ಊರಲ್ಲಿ ಮಳೆಯಾಶ್ರಿತ ಹಿಪ್ಪುನೇರಳೆಯನ್ನು ಗುಣಿ ತೋಡಿ ನೆಡ್ತಾರೆ. ನಮ್ಮಜ್ಜಿ ಕೂಡ ಆಶ್ವೀಜದ ಜಡಿಮಳೆ ಹಿಡಿದಾಗ ಪಾತಿಯ ಬದುವನ್ನು ಒಂದು ಮೂಲೆಯಲ್ಲಿ ಕತ್ತರಿಸಿ, ಕೆರೆಗೆ ಇರೋ ಹಾಗೆ ಪಾತಿಗೂ ಒಂದು ಕೋಡಿ ಬಿಡೋರು. ಮಳೆ ನಿಂತ ಮೇಲೆ ಹಿಡಿ ಮಣ್ಣು ಹಾಕಿ ಕೋಡಿ ಮುಚ್ಚೋರು. ಎತ್ತರ, ತಗ್ಗು ಅನ್ನೋದು ಅವರಿಗೆ ಸಿದ್ಧಾಂತ ಆಗಿರಲಿಲ್ಲ. ಯಾವ ತಿಂಗಳು, ಯಾವ ಬೆಳೆ, ನೀರು ಎಲ್ಲಿಂದ ಅಂತ ನೋಡಿ ಗುದ್ದಲಿ ಎತ್ತೋರು.

ಈ ವಿದ್ಯೆ ಬೆಂಗಳೂರಲ್ಲೂ ಇತ್ತು. ಕರಗ ಹೊರುವ ತಿಗಳ ಸಮುದಾಯದವರು ತಲೆಮಾರುಗಳಿಂದ ತೋಟಗಾರರು. ಕೆರೆಗಳ ಅಂಚಿನಲ್ಲಿ ಸೊಪ್ಪು, ತರಕಾರಿ, ಹೂ ಬೆಳೆದು ಪೇಟೆಗೆ ಕೊಡ್ತಿದ್ದವರು. ಸಂಪಂಗಿ ಕೆರೆಯ ಸುತ್ತ ಅಂಥ ತೋಟಗಳಿದ್ದವು. ಕೆರೆ ಇದ್ದ ಜಾಗದಲ್ಲಿ ಇವತ್ತು ಕಂಠೀರವ ಸ್ಟೇಡಿಯಂ ಇದೆ.

ಇನ್ನು ಚಳಿನಾಡಿನ ತರಕಾರಿ ನಮ್ಮ ಅಡುಗೆಮನೆಗೆ ಬಂದ ಕತೆ. 1809ರ ಹೊತ್ತಿಗೆ ಬೆಂಗಳೂರಲ್ಲಿ ದಂಡು ನೆಲೆಯೂರಿತು. ಸಾವಿರಾರು ಮೈಲಿ ದೂರದಿಂದ ಬಂದ ಸಿಪಾಯಿಗೂ ಅಧಿಕಾರಿಗೂ ಕೋಸು, ಬೀನ್ಸ್, ಕ್ಯಾರೆಟ್ ಬೇಕು. ಅದೃಷ್ಟಕ್ಕೆ ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹಿಮ ಬೀಳಲ್ಲ. ಆದರೆ 1884ರ ಜನವರಿಯಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದ ದಾಖಲೆ ಇದೆ. ಕೋಸು ಗಡ್ಡೆ ಕಟ್ಟೋಕೆ, ಹೂಕೋಸು ಹೂ ಬಿಗಿಯೋಕೆ ತಂಪು ಬೇಕು. ದೀಪಾವಳಿಯಿಂದ ಶಿವರಾತ್ರಿವರೆಗೆ ಅದು ಇಲ್ಲಿ ಪುಕ್ಕಟೆ ಸಿಗುತ್ತೆ.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನ ಆಯ್ತು. ಅದನ್ನು ನೋಡಿಕೊಳ್ಳೋಕೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು ಬಂದರು. ಮೊದಲು ವಿಲಿಯಂ ನ್ಯೂ, 1874ರಿಂದ 1908ರವರೆಗೆ ಜಾನ್ ಕ್ಯಾಮೆರಾನ್, ಆಮೇಲೆ ಜರ್ಮನಿಯ ಕ್ರುಂಬಿಗಲ್. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು ಕ್ಯಾಮೆರಾನ್ ಕಾಲದಲ್ಲೇ. ಅವರು ಹೊರಗಿನಿಂದ ತರಿಸಿ ಹಬ್ಬಿಸಿದ ಬೆಳೆಗಳಲ್ಲಿ ಸೀಮೆಬದನೆಯೂ ಒಂದು. ಮೆಕ್ಸಿಕೊ ಕಡೆಯ ಬಳ್ಳಿ ಅದು. ಇಲ್ಲಿಯ ತಂಪಿಗೆ ಎಷ್ಟು ಒಗ್ಗಿತು ಅಂದ್ರೆ ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆ ಅಂತಲೇ ಕರೆದರು. ನಾವು ಮಾತ್ರ ಸೀಮೆಬದನೆ ಅಂತೀವಿ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಇದ್ದ ಹಾಗೆ. ಹೊರಗಿಂದ ಬಂದದ್ದಕ್ಕೆಲ್ಲ ಕನ್ನಡ ಹಾಕೋ ಠಸ್ಸೆ ಅದು. ನಮ್ಮ ಊರಿನ ಹೆಸರಲ್ಲಿ ಪಕ್ಕದವರು ತಿನ್ನೋ ತರಕಾರಿಯನ್ನು ನಾವೇ ಪರದೇಶಿ ಅಂತ ಕರೀತಿದ್ದೀವಿ!

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕೋಸು ಬಂತು, ನವಿಲುಕೋಸು ಬಂತು, ಬೀನ್ಸ್ ಬಂತು, ಸುತ್ತಲಿನ ಹಳ್ಳಿಗಳ ರೈತರು ಅವನ್ನೆಲ್ಲ ತಮ್ಮದಾಗಿಸಿಕೊಂಡರು. ಆದರೆ ಹಲಗೆಯ ಪೆಟ್ಟಿಗೆ ಬರಲಿಲ್ಲ. ರೈತರು ಕೋಸನ್ನು ದಿಂಡು-ಸಾಲು ಮಾಡಿ ನೆಟ್ಟರು. ಮಳೆ ಬಂದರೆ ಸಾಲಲ್ಲಿ ನೀರು ಬಸಿಯುತ್ತೆ, ಬಾರದಿದ್ದರೆ ಅದೇ ಸಾಲಲ್ಲಿ ನೀರು ಹಾಯಿಸಬಹುದು. ಬೀಜ ಹೊರಗಿನದ್ದು, ಮಡಿ ಇಲ್ಲಿಯದ್ದು. ನಮ್ಮ ವೃತ್ತಿಯ ಮಾತಲ್ಲಿ ಹೇಳೋದಾದ್ರೆ, ಸ್ಟಾಕ್ ಓವರ್‌ಫ್ಲೋದಲ್ಲಿ ಉತ್ತರ ಸಿಕ್ಕಾಗ ಅವರು ಮೇಲಿದ್ದ ಪ್ರಶ್ನೆಯನ್ನೂ ಓದಿದರು.

ಚಳಿಯ ಬೆಳೆ ಅಂದ ತಕ್ಷಣ ಸೀಮೆಯ ಕಡೆಗೇ ನೋಡಬೇಕಾಗಿಲ್ಲ. ಮಾಗಡಿಯ ಅವರೆಕಾಯಿ ಇಲ್ವಾ? ಹಳೆಯ ತಳಿಯ ಅವರೆ ಹಗಲು ಕಿರಿದಾಗೋವರೆಗೂ ಹೂ ಬಿಡಲ್ಲ. ಮುಂಗಾರಲ್ಲಿ ರಾಗಿ ಹೊಲದ ಅಕ್ಕಡಿಯಾಗಿ ಹುಟ್ಟಿ, ರಾಗಿ ಕಟಾವಾಗೋವರೆಗೆ ತೆಪ್ಪಗಿದ್ದು, ಮಾರ್ಗಶಿರದ ಇಬ್ಬನಿ ಬೀಳೋ ಹೊತ್ತಿಗೆ ಕಾಯಿ ತುಂಬುತ್ತೆ. ಚಳಿ ಬಿದ್ದಷ್ಟೂ ಸೊಗಡು ಅನ್ನೋದು ನಮ್ಮ ಕಡೆಯ ನಂಬಿಕೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಕೊಟ್ಟ ಮೇಲೆ ಹಗಲಿನ ಉದ್ದದ ಹಂಗಿಲ್ಲದೆ ವರ್ಷದಲ್ಲಿ ಯಾವಾಗ ಬೇಕಾದ್ರೂ ಕಾಯಿ ಸಿಗುತ್ತೆ. ಬೆಳೆಗಾರನಿಗೆ ಅದು ಉಪಕಾರವೇ. ಹಿತಕಬೇಳೆ ಸಾರಿನ ವಿಷಯದಲ್ಲಿ ಮಾತ್ರ ನಮ್ಮೂರವರು ಇನ್ನೂ ಡಿಸೆಂಬರಿಗೇ ಕಾಯ್ತಾರೆ.

ಹಾಗಾದ್ರೆ ಇವತ್ತು ನಮ್ಮ ಜಿಲ್ಲೆಯಲ್ಲಿ ಏರುಮಡಿಯೇ ಇಲ್ವಾ? ಬೇಕಾದಷ್ಟಿದೆ. ಟೊಮ್ಯಾಟೊ, ದಪ್ಪಮೆಣಸಿನಕಾಯಿ ಹೊಲಗಳಲ್ಲಿ ಉದ್ದುದ್ದ ಏರುಮಡಿ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಕೆಳಗೆ ಡ್ರಿಪ್ ಪೈಪ್. ಹೊದಿಕೆ ಆವಿ ತಡೆಯುತ್ತೆ, ಡ್ರಿಪ್ ನೀರನ್ನು ಬೇರಿಗೇ ತಲುಪಿಸುತ್ತೆ. ಕಾಲುವೆಯಲ್ಲಿ ಹರಿಸೋದಕ್ಕಿಂತ ಕಡಿಮೆ ನೀರು ಸಾಕು. ತಗ್ಗಿನ ಅಗತ್ಯವೇ ಇಲ್ಲವಾಯ್ತು. ಆದರೆ ಆ ಪೈಪಿನ ಇನ್ನೊಂದು ತುದಿ ಕೊಳವೆಬಾವಿಯಲ್ಲಿದೆ. ನಮ್ಮೂರಲ್ಲಿ ನಾನು ಹೈಸ್ಕೂಲಲ್ಲಿದ್ದಾಗ 300 ಅಡಿಗೆ ಸಿಕ್ತಿದ್ದ ನೀರಿಗೆ ಈಗ 1000 ಅಡಿ ಕೊರೀತಾರೆ. ಮೂರು ಬಾವಿಯ ಕಪಿಲೆಗೆ ಒಂದು ಮಿತಿ ಇತ್ತು, ಎತ್ತು ಸುಸ್ತಾಗ್ತಿತ್ತು. ಮೋಟಾರು ಸುಸ್ತಾಗಲ್ಲ.

ನಿಮ್ಮ ಟೆರೇಸಿನ ಪೆಟ್ಟಿಗೆಗೆ ನೀರು ಎಲ್ಲಿಂದ ಬರುತ್ತೆ ಅಂತಲೂ ಒಮ್ಮೆ ನೋಡೋಣ. ಬೆಂಗಳೂರು ಮೊದಲು ನಂಬಿದ್ದು ಅರ್ಕಾವತಿಯನ್ನು. 1933ರಲ್ಲಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅದಕ್ಕೆ ಅಣೆಕಟ್ಟು ಆಯ್ತು. ಊರು ಬೆಳೀತು, ನದಿ ಬತ್ತಿತು. 1974ರಿಂದ ಕಾವೇರಿ ಬಂತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಎತ್ತಿದ ನೀರನ್ನು ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಮತ್ತೆ ಪಂಪ್ ಮಾಡಿ ಸುಮಾರು 100 ಕಿಲೋಮೀಟರ್ ದೂರದ ಊರಿಗೆ ಮುಟ್ಟಿಸ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯ್ತು. ಆಳೆತ್ತರದ ಆ ಕೊಳವೆಗಳು ಕನಕಪುರ ತಾಲ್ಲೂಕನ್ನು ಸೀಳಿಕೊಂಡೇ ಹೋಗುತ್ತವೆ. ಕೊಡ ಹಿಡಿದು ಟ್ಯಾಂಕರಿಗೆ ಕಾಯೋ ಊರುಗಳ ಪಕ್ಕದಲ್ಲೇ.

ಬಳಸಿದ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ? ಪಶ್ಚಿಮ ಬೆಂಗಳೂರಿನ ಚರಂಡಿ ವೃಷಭಾವತಿಗೆ ಸೇರಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಂದು ನಿಲ್ಲುತ್ತೆ, ನೊರೆ ಎಬ್ಬಿಸಿಕೊಂಡು. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಮತ್ತೆ ಕಾವೇರಿ. ಬೈರಮಂಗಲದ ಕೆಳಗಿನ ರೈತರಿಗೆ ವರ್ಷವಿಡೀ ಹರಿಯೋ ನೀರು ಅಂದ್ರೆ ಅದೊಂದೇ. ಅದರಲ್ಲೇ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ ಬೆಳೀತಾರೆ. ಬೆಂಗಳೂರಿನ ಸಿಂಕಿನಲ್ಲಿ ಕೇಲ್ ತೊಳೆದ ನೀರಲ್ಲಿ ನಮ್ಮ ಜಿಲ್ಲೆಯ ಬೆಳೆ ನಿಂತಿದೆ. ಹಾಗಾಗಿ ಪೆಟ್ಟಿಗೆಯ ಎತ್ತರ ಬರೀ ಚೆಂದದ ಪ್ರಶ್ನೆ ಅಲ್ಲ. ದಿನಕ್ಕೆ ಎರಡು ಸಲ ನೀರು ಕೇಳೋ ಮಡಿ ಯಾರದೋ ಪಾಲಿನ ನೀರು ಕೇಳ್ತಿರುತ್ತೆ.

ಇಷ್ಟೆಲ್ಲ ಹೇಳಿದ್ದು ಪೆಟ್ಟಿಗೆ ಒಡೆದು ಹಾಕಿ ಅಂತಲ್ಲ. ಟೆರೇಸ್ ಮೇಲೆ ಪಾತಿ ತೋಡೋಕಾಗಲ್ಲ, ಅಲ್ಲಿ ಪೆಟ್ಟಿಗೆಯೇ ಗತಿ. ಆದರೆ ಅದನ್ನು ಇಲ್ಲಿಯದ್ದಾಗಿ ಮಾಡ್ಕೋಬಹುದು. ಹಲಗೆ ತುಂಬ ಮಣ್ಣು ಹಾಕದೆ ಮೇಲೆ ಮೂರು ಇಂಚು ಖಾಲಿ ಬಿಡಿ. ಆಗ ಅದೇ ಪಾತಿ, ಅಂಚೇ ಬದು. ಬರೀ ಕೊಕೊಪೀಟ್ ಬದಲು ಅರ್ಧದಷ್ಟು ಕೆಮ್ಮಣ್ಣು, ಉಳಿದದ್ದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ನಾರು ಇರಲಿ. ತಾರಸಿ ತೂಕ ತಡೆಯುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮೇಲೆ ಒಣ ಎಲೆ, ರಾಗಿ ಹುಲ್ಲು ದಪ್ಪಗೆ ಹೊದಿಸಿ. ಬೇಸಿಗೆಯಲ್ಲಿ ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ಹೀರೆಯೋ ಬಸಳೆಯೋ ಹಬ್ಬಿಸಿದ್ರೆ ನೆರಳೂ ಆಯ್ತು, ನೋಡೋಕೆ ಲಕ್ಷಣವೂ ಆಯ್ತು. ಅಂಚಿಗೆ ಚೆಂಡುಹೂ ಹಾಕಿ, ದಸರಾ-ದೀಪಾವಳಿಗೆ ಆಗುತ್ತೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಬಕೆಟ್ಟಲ್ಲಿ ಹಿಡಿದಿಟ್ಟು ಅದಕ್ಕೇ ಹಾಕಿ.

ನೆಲ ಇದ್ದವರು ಹಲಗೆಗೆ ದುಡ್ಡು ಹಾಕೋ ಮುಂಚೆ ಒಂದು ಮಳೆಗಾಲ, ಒಂದು ಬೇಸಿಗೆ ನಿಮ್ಮ ಜಾಗ ನೋಡಿ. ನೀರು ನಿಲ್ಲೋ ಕಡೆ ಏರಿಸಿ, ಓಡೋ ಕಡೆ ತಗ್ಗಿಸಿ. ಕೋಸು, ಲೆಟಸ್ ಬೇಕಿದ್ರೆ ಗೌರಿ-ಗಣೇಶ ಹಬ್ಬ ಮುಗಿದ ಮೇಲೆ ಸಸಿಮಡಿ ಮಾಡಿ. ಸಂಕ್ರಾಂತಿ ಹೊತ್ತಿಗೆ ಕೊಯ್ಲು. ಫೆಬ್ರವರಿ ಆದ ಮೇಲೆ ಲೆಟಸ್ಸಿನ ಹಟ ಬಿಡಿ, ದಂಟು, ಬೆಂಡೆ, ಹೀರೆ ಹಾಕಿ. ಪಕ್ಕದ ಹೊಲದಲ್ಲಿ ಕೆಲಸ ಮಾಡ್ತಿರೋ ಅಜ್ಜಿಯನ್ನು ಹೋಗಿ ಮಾತಾಡಿಸಿ. ವೈಫೈ ಪಾಸ್‌ವರ್ಡ್ ಕೇಳಿದಷ್ಟು ಸಲೀಸಾಗಿ ಹೇಳಲ್ಲ, ಮೊದಲು ನಿಮ್ಮ ಊರು, ಮನೆತನ ವಿಚಾರಿಸ್ತಾರೆ, ನೀವು ಈ ಜಮೀನಿಗೆ ಎಷ್ಟು ಕೊಟ್ರಿ ಅಂತಲೂ ಕೇಳ್ತಾರೆ. ಆಮೇಲೆ ನಿಮ್ಮ ಕೈಯಿಂದ ಗುದ್ದಲಿ ಇಸ್ಕೊಂಡು ಬದು ಹೇಗೆ ಕಟ್ಟೋದು ಅಂತ ತೋರಿಸಿಯೇ ಹೋಗ್ತಾರೆ.